ಕೀಳುವಷ್ಟೇ ಬಿತ್ತಿರಿ

ಸಾಂಗ್ಲಿಯ ವಿಶ್ರಾಮಬಾಗ, ಕುಪವಾಡ, ಮಿರಜದ ಪಂಢರಪುರ ರಸ್ತೆ, ಹೀಗೆ ಊರು ಬೆಳೆದ ಕಡೆಯೆಲ್ಲ ನಮ್ಮ ಕನ್ನಡದ ಮನೆಗಳ ಹುಡುಗರು ಹೊಸ ಮನೆ ಕಟ್ಟಿಸಿಕೊಳ್ಳುತ್ತಿದ್ದಾರೆ. ಹಿಂದೆ ಒಂದಿಷ್ಟು ಜಾಗವನ್ನೂ ಬಿಟ್ಟಿರುತ್ತಾರೆ. ಮರಾಠಿ ನೆರೆಯವರು ಅದನ್ನು ಪರಸಬಾಗ ಅನ್ನುತ್ತಾರೆ, ನಾವು ಹಿತ್ತಿಲು ಅನ್ನುತ್ತೇವೆ. ಅಲ್ಲಿ ಏನೇನು ಬೆಳೆಯಬಹುದು ಎಂದು ಈ ಮಕ್ಕಳು ಕೇಳಿದಾಗ ನನಗೆ ಬಹಳ ಸಂತೋಷವಾಗುತ್ತದೆ. ಆದರೆ ನಾನು ಬೀಜದ ಹೆಸರು ಹೇಳುವುದಕ್ಕೆ ಮೊದಲು ಇನ್ನೊಂದು ಪ್ರಶ್ನೆ ಕೇಳುತ್ತೇನೆ. ದಿನಾ ಬೆಳಿಗ್ಗೆ ಎಷ್ಟು ಹೊತ್ತು ಮಣ್ಣಿನಲ್ಲಿ ಕೂತು ಕಸ ಕೀಳುತ್ತೀರಿ? ಅರ್ಧ ತಾಸು ಅಂದರೆ ಅರ್ಧ ತಾಸಿನಷ್ಟು ತೋಟ. ವಾರಕ್ಕೊಮ್ಮೆ ಭಾನುವಾರ ಮಾತ್ರ ಅಂದರೆ ಒಂದು ಮಡಿ ಸಾಕು. ಎಷ್ಟು ಜಾಗವಿದೆ, ಎಷ್ಟು ಬೀಜವಿದೆ ಎಂದು ನೋಡಿ ಹಿತ್ತಿಲಿನ ಅಳತೆ ಗೊತ್ತು ಮಾಡಬೇಡಿ. ಎಷ್ಟು ಕಸ ಕೀಳಬಲ್ಲಿರಿ ಎಂಬುದರ ಮೇಲೆ ಗೊತ್ತು ಮಾಡಿರಿ. ಈ ಲೇಖನದಲ್ಲಿ ನಾನು ಹೇಳಬೇಕಾದದ್ದು ಇದೊಂದೇ; ಉಳಿದದ್ದೆಲ್ಲ ಇದರ ವಿವರ.

ಹೆಚ್ಚಿನವರ ಹಿತ್ತಿಲು ಕೆಡುವುದು ಮೃಗಶಿರಾ ಮಳೆಯ ಹುಮ್ಮಸ್ಸಿನಲ್ಲಿ. ಮೊದಲ ಮಳೆಯ ವಾಸನೆ ಬಂದ ಕೂಡಲೆ ಪೇಟೆಗೆ ಹೋಗಿ ಬೆಂಡೆ, ಚವಳೀಕಾಯಿ, ಹೀರೆ, ಸೌತೆ, ಪುಂಡಿ, ಮೆಂತ್ಯೆ, ಟೊಮೆಟೊ, ಮೆಣಸಿನಕಾಯಿ ಎಲ್ಲದರ ಪುಡಿಕೆ ತರುತ್ತಾರೆ. ಎಲ್ಲವನ್ನೂ ಒಂದೇ ದಿನ ಚೆಲ್ಲುತ್ತಾರೆ. ಆರಿದ್ರಾ ಮುಗಿಯುವಾಗ ಬೀಜದ ಸಸಿ ಯಾವುದು, ಕಸದ ಸಸಿ ಯಾವುದು ಎಂದು ತಿಳಿಯದಷ್ಟು ಹಸಿರು ಎದ್ದಿರುತ್ತದೆ. ಪುಷ್ಯ ಮಳೆಯ ಜಿಟಿಜಿಟಿಯಲ್ಲಿ ಯಾರೂ ಹೊರಗೆ ಇಳಿಯುವುದಿಲ್ಲ. ಶ್ರಾವಣ ಬರುವುದರೊಳಗೆ ಹಿತ್ತಿಲು ಕಾಡು. ಅಷ್ಟಾದ ಮೇಲೆ ‘ನಮ್ಮ ಮಣ್ಣೇ ಸರಿಯಿಲ್ಲ’ ಅನ್ನುತ್ತಾರೆ. ಮಣ್ಣು ಬಹಳ ಚೆನ್ನಾಗಿರುವುದರಿಂದಲೇ ಕಸವೂ ಅಷ್ಟು ಚೆನ್ನಾಗಿ ಬೆಳೆದಿರುತ್ತದೆ.

ಆ ಮಣ್ಣನ್ನು ಮೊದಲು ತಿಳಿದುಕೊಳ್ಳಿರಿ. ಕೃಷ್ಣೆಯ ದಂಡೆಯ ಈ ಸೀಮೆಯದು ಎರೆ ಭೂಮಿ. ಹಸಿಯಿದ್ದಾಗ ಕಾಲಿಗೆ ಮೆತ್ತಿ ಬಿಡದು, ಒಣಗಿದರೆ ಬೆರಳು ತೂರುವಷ್ಟು ಬಿರುಕು ಬಿಡುತ್ತದೆ. ಹಸಿಯಿದ್ದಾಗ ಕೆದಕಿದರೆ ಹೆಂಟೆಗಳಾಗಿ, ಒಣಗಿದ ಮೇಲೆ ಕಲ್ಲಾಗುತ್ತದೆ. ಪೂರಾ ಒಣಗಿದಾಗ ಕೀಳಲು ಹೋದರೆ ಕಸದ ತಲೆ ಕೈಗೆ ಬರುತ್ತದೆ, ಬೇರು ಒಳಗೇ ಉಳಿಯುತ್ತದೆ. ಇವೆರಡರ ನಡುವೆ ಹದ ಅಂತ ಒಂದು ಇದೆ. ಜೋರು ಮಳೆಯಾಗಿ ಬಿಸಿಲು ಬಿದ್ದರೆ ಎರಡು ಮೂರು ದಿನಕ್ಕೆ ಆ ಹದ ಬರುತ್ತದೆ. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಅದುಮಿ, ಸೊಂಟದೆತ್ತರದಿಂದ ಕೆಳಗೆ ಬಿಡಿರಿ. ಉಂಡೆ ಹಾಗೇ ಕೂತರೆ ಇನ್ನೂ ಹಸಿ. ಪುಡಿಪುಡಿಯಾಗಿ ಒಡೆದರೆ ಕುರ್ಚಿಗಿ ಹಿಡಿದು ಇಳಿಯಿರಿ. ಆ ಹದದಲ್ಲಿ ಒಂದು ತಾಸಿನಲ್ಲಿ ಆಗುವ ಕೆಲಸ ಹದ ತಪ್ಪಿದ ಮೇಲೆ ಇಡೀ ದಿನ ಮಾಡಿದರೂ ಮುಗಿಯದು.

ಹೊಸ ಬಡಾವಣೆಗಳಲ್ಲಿ ಇನ್ನೊಂದು ತೊಡಕು ಇದೆ. ಎರೆ ಮಣ್ಣಿನ ಮೇಲೆ ಕಟ್ಟಡ ನಿಲ್ಲಲೆಂದು ಇಡೀ ಪ್ಲಾಟಿಗೆ ಮುರುಮು ಹಾಸಿರುತ್ತಾರೆ. ಮೇಲೆ ಸಿಮೆಂಟಿನ ಚೂರು, ಇಟ್ಟಂಗಿ ತುಂಡು. ಒಂದು ಮೊಳ ಅಗೆದು ನೋಡಿರಿ. ಮುರುಮು ಸಿಕ್ಕರೆ ಮಡಿ ಬೇಕಾದಷ್ಟು ಜಾಗದಲ್ಲಿ ಮಾತ್ರ ಅದನ್ನು ತೆಗೆದು, ಕೆಳಗಿನ ಎರೆಗೆ ಹಳೆಯ ತಿಪ್ಪೆಗೊಬ್ಬರ ಕೂಡಿಸಿರಿ. ಹಳೆಯದು ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ದನ ತಿಂದ ಹುಲ್ಲಿನ ಬೀಜಗಳು ಬಹಳಷ್ಟು ಹೊಟ್ಟೆಯಲ್ಲೂ ಸಾಯದೆ ಹೆಂಡಿಯಲ್ಲಿ ಹೊರಗೆ ಬರುತ್ತವೆ. ಹಸಿ ಹೆಂಡಿ ಹಾಕಿದವರು ಕಸವನ್ನೇ ಬಿತ್ತಿದ ಹಾಗೆ. ಗೊಬ್ಬರದ ಗುಂಡಿ ಒಳಗೊಳಗೇ 55 ಡಿಗ್ರಿ ದಾಟಿ ಕಾಯಬೇಕು, ಹೊರಗಿನದು ಒಳಗೆ ಹೋಗುವಂತೆ ಎರಡು ಮೂರು ಸಲ ತಿರುವಬೇಕು. ಆಗ ಬೀಜ ಸಾಯುತ್ತವೆ. ಕೈಯಲ್ಲಿ ಹಿಡಿದರೆ ಹೆಂಡಿಯ ವಾಸನೆ ಹೋಗಿ ಮಣ್ಣಿನ ವಾಸನೆ ಬರುವ ಗೊಬ್ಬರವನ್ನೇ ಹಾಕಿರಿ.

ಮಡಿಗಳನ್ನು ಮೂರಡಿ ಅಗಲಕ್ಕಿಂತ ಹೆಚ್ಚು ಮಾಡಬೇಡಿ. ಎರಡೂ ಬದಿಯಿಂದ ಕೈ ನಡುಮಧ್ಯಕ್ಕೆ ಎಟುಕಬೇಕು, ಮಡಿಯೊಳಗೆ ಕಾಲಿಡುವ ಪ್ರಸಂಗವೇ ಬರಬಾರದು. ಎರೆ ಮಣ್ಣು ತುಳಿದರೆ ಬಿಗಿಯುತ್ತದೆ, ನೀರು ನಿಂತರೆ ಬೇರು ಕೊಳೆಯುತ್ತದೆ. ಆದ್ದರಿಂದ ಮಡಿಯನ್ನು ಅರ್ಧ ಅಡಿ ಎತ್ತರಿಸಿರಿ. ಮಡಿ ಆದ ಮೇಲೆ ಬೀಜ ಹಾಕುವ ಅವಸರ ಬೇಡ. ಮೊದಲು ಬರಿಯ ನೀರು ಕೊಡಿರಿ. ಎಂಟು ಹತ್ತು ದಿನಕ್ಕೆ ಮೇಲಿನ ಪದರದಲ್ಲಿದ್ದ ಕಸದ ಬೀಜಗಳೆಲ್ಲ ಮೊಳೆತು ಹಸಿರು ಮೂಡುತ್ತದೆ. ಎರಡೆಲೆ ಇರುವಾಗಲೇ ಕುರ್ಚಿಗಿಯನ್ನು ಅಡ್ಡ ಹಿಡಿದು ಮೇಲೆ ಮೇಲೆ ಕೆರೆದು ಬಿಡಿರಿ. ಆಳಕ್ಕೆ ಕೈ ಹಾಕಿದಿರೋ, ಕೆಳಗೆ ಮಲಗಿದ್ದ ಬೀಜಗಳು ಮೇಲೆ ಬಂದು ಹೊಸ ಫಸಲು ಎಬ್ಬಿಸುತ್ತವೆ. ಸಾಧ್ಯವಾದರೆ ಇದನ್ನು ಎರಡು ಸಲ ಮಾಡಿ, ಆಮೇಲೆ ನಿಮ್ಮ ಬೀಜ ಊರಿರಿ. ಈ ಹುಸಿ ಬಿತ್ತನೆಗೆ ಹದಿನೈದು ಇಪ್ಪತ್ತು ದಿನ ಹಿಡಿಯುತ್ತದೆ ಎಂದು ಮಕ್ಕಳು ಮುಖ ಸಣ್ಣ ಮಾಡುತ್ತಾರೆ. ಆ ದಿನಗಳು ಮುಂದೆ ಎರಡು ತಿಂಗಳ ಶ್ರಮ ಉಳಿಸುತ್ತವೆ.

ಬೀಜ ಎದ್ದ ಮೇಲೆ ಮೊದಲ ನಲವತ್ತು ದಿನ ಹಿತ್ತಿಲು ನಿಮ್ಮ ಕಣ್ಣೆದುರಿಗೇ ಇರಬೇಕು. ಬೆಂಡೆ, ಬದನೆ, ಟೊಮೆಟೊ, ಮೆಣಸಿನಕಾಯಿಗಳ ಹಣೆಬರಹ ನಿಶ್ಚಯವಾಗುವುದು ಆ ದಿನಗಳಲ್ಲಿ. ಅಷ್ಟರೊಳಗೆ ಗಿಡದ ನೆರಳು ನೆಲ ಮುಚ್ಚಿದರೆ ಮುಂದೆ ಕಸ ತಾನೇ ಸೊರಗುತ್ತದೆ. ಉಳ್ಳಾಗಡ್ಡಿಯದು ಬೇರೆ ಕಥೆ. ಅದರ ಎಲೆ ನೆಟ್ಟಗೆ ನಿಂತಿರುತ್ತದೆ, ನೆಲಕ್ಕೆ ನೆರಳು ಕೊಡುವುದೇ ಇಲ್ಲ. ಹೀಗಾಗಿ ಅದಕ್ಕೆ ಎರಡು ತಿಂಗಳಾದರೂ ಕಸದ ಕಾವಲು ಬೇಕು. ಹೊಸಬರು ಮೊದಲ ವರ್ಷ ಉಳ್ಳಾಗಡ್ಡಿ, ಗಜ್ಜರಿ ಹಾಕದಿರುವುದು ಒಳ್ಳೆಯದು. ಮೆಂತ್ಯೆ ಹಾಕಿರಿ. ಇಪ್ಪತ್ತೈದು ಮೂವತ್ತು ದಿನಕ್ಕೆ ಪಲ್ಯಕ್ಕೆ ಬರುತ್ತದೆ, ಒತ್ತಾಗಿ ಎದ್ದು ಕಸಕ್ಕೆ ಎಡೆಯನ್ನೇ ಕೊಡುವುದಿಲ್ಲ. ಬದನೆಯ ಸಸಿಗಳನ್ನು ಎರಡೂವರೆ ಅಡಿಗೊಂದರಂತೆ ನೆಟ್ಟು, ನಡುವಿನ ಖಾಲಿ ನೆಲದಲ್ಲಿ ಮೆಂತ್ಯೆ, ಕೊತ್ತಂಬರಿ, ಮೂಲಂಗಿ ಹಾಕಿದರೆ ಬದನೆ ಹರಡುವ ಹೊತ್ತಿಗೆ ಅವುಗಳ ಕೆಲಸ ಮುಗಿದಿರುತ್ತದೆ. ಖಾಲಿ ಬಿಟ್ಟ ನೆಲ ಖಾಲಿ ಉಳಿಯುವುದಿಲ್ಲ. ನೀವು ಬಿತ್ತದಿದ್ದರೆ ಗಾಳಿ ಬಿತ್ತುತ್ತದೆ.

ಇನ್ನು ಜೇಕಿನ ಮಾತು. ಎರೆ ಭೂಮಿಯಲ್ಲಿ ಕಾಯಿಪಲ್ಯ ಬೆಳೆಯುವವರಿಗೆ ಇದಕ್ಕಿಂತ ದೊಡ್ಡ ಎದುರಾಳಿ ಇಲ್ಲ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮರಾಠಿಯಲ್ಲಿ ಲವ್ಹಾಳಾ ಎನ್ನುವ ಇದರ ಒಂದು ಗಿಡವನ್ನು ಹದದ ಮಣ್ಣಿನಲ್ಲಿ ನಿಧಾನವಾಗಿ ಬಿಡಿಸಿ ನೋಡಿರಿ. ಮೂರು ಮೂಲೆಯ ದಂಟಿನ ಬುಡದಲ್ಲಿ ಒಂದು ಉಬ್ಬು. ಅಲ್ಲಿಂದ ಸಪೂರ ಕಂದು ಬೇರು ಅಡ್ಡ ಹೋಗಿರುತ್ತದೆ. ಅದರ ತುದಿಯಲ್ಲಿ ಕಡಲೆಕಾಳಿಗಿಂತ ದೊಡ್ಡದಾದ ಕಪ್ಪು ಗಡ್ಡೆ. ಅಲ್ಲಿಂದ ಇನ್ನೊಂದು ಬೇರು, ಇನ್ನೊಂದು ಗಡ್ಡೆ. ಗಡ್ಡೆ ಮುರಿದು ಮೂಸಿದರೆ ಪರಿಮಳ. ಆಯುರ್ವೇದದವರ ಭದ್ರಮುಷ್ಟಿ, ನಾಗರಮೋಥಾ ಇದೇ. ಮೇಲಿನ ಹುಲ್ಲನ್ನು ಎಳೆದು ಕಿತ್ತಾಗ ಬೇರು ತುಂಡಾಗುತ್ತದೆ, ನಿದ್ದೆಯಲ್ಲಿದ್ದ ಗಡ್ಡೆಗಳೆಲ್ಲ ಎಚ್ಚರಗೊಂಡು ಒಂದರ ಬದಲು ನಾಲ್ಕು ಮೊಳಕೆ ಏಳುತ್ತವೆ. ಹಾಗೆಂದು ಕೈಬಿಡಬೇಡಿ. ಮೊಳಕೆ ಬಂದ ಮೂರು ನಾಲ್ಕು ವಾರಕ್ಕೆ ಅದು ಹೊಸ ಗಡ್ಡೆ ಕಟ್ಟತೊಡಗುತ್ತದೆ. ಅದಕ್ಕೆ ಮುಂಚೆ, ಎರಡು ವಾರಕ್ಕೊಮ್ಮೆ ತಪ್ಪದೆ ಕೀಳುತ್ತ ಹೋದರೆ ಗಡ್ಡೆ ತನ್ನಲ್ಲಿ ಕೂಡಿಟ್ಟ ಶಕ್ತಿಯನ್ನೇ ಖರ್ಚು ಮಾಡುತ್ತ ಬರುತ್ತದೆ. ಒಂದು ಋತುವಿನಲ್ಲಿ ಸೋಲದು. ಎರಡು ಮೂರು ಋತು ಬಿಡದೆ ಮಾಡಿದವರ ಮಡಿಯಲ್ಲಿ ಅದು ವಿರಳವಾಗುತ್ತದೆ. ಜೇಕಿಗೆ ನೆರಳು ಆಗದು. ತೀರ ಜೇಕು ಹತ್ತಿದ ಮಡಿಯಲ್ಲಿ ಒಂದು ಮಳೆಗಾಲ ಗೆಣಸು ಅಥವಾ ಕುಂಬಳ ಹಬ್ಬಿಸಿಬಿಡಿರಿ. ಬೇಸಿಗೆಯಲ್ಲಿ ನೀರು ನಿಲ್ಲಿಸಿ ಅರ್ಧ ಅಡಿ ಅಗೆದು ಮಗುಚಿ, ಏಪ್ರಿಲ್–ಮೇ ಬಿಸಿಲಿಗೆ ಗಡ್ಡೆಗಳನ್ನು ಒಡ್ಡಿರಿ. ಒಣಗಿದ ಗಡ್ಡೆ ಸತ್ತ ಗಡ್ಡೆ. ಹೆಚ್ಚಿನ ಗಡ್ಡೆಗಳು ಆ ಮೇಲಿನ ಅರ್ಧ ಅಡಿಯಲ್ಲೇ ಇರುತ್ತವೆ.

ಕರಿಕೆಗೂ ಅದೇ ಬೇಸಿಗೆಯ ಮದ್ದು. ಆದರೆ ಅದರ ಪ್ರತಿ ಗೆಣ್ಣೂ ಬೇರು ಬಿಡುತ್ತದೆ, ಕತ್ತರಿಸಿ ಅಲ್ಲೇ ಬಿಟ್ಟರೆ ತುಂಡುತುಂಡೂ ಗಿಡವಾಗುತ್ತದೆ. ಮಡಿಯಿಂದ ಪೂರ್ತಿ ಆಯ್ದು, ಗಣಪತಿಗೆ ಬೇಕಾಗುವಷ್ಟನ್ನು ಕಾಂಪೌಂಡಿನ ಒಂದು ಮೂಲೆಯಲ್ಲಿ ಇಟ್ಟುಕೊಳ್ಳಿರಿ. ಬೀಜದ ಕಸ ಹೆಚ್ಚಾಗಿದ್ದರೆ ಬೇಸಿಗೆಯಲ್ಲಿ ಮಡಿಗೆ ನೀರುಣಿಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಿ, ಅಂಚನ್ನು ಮಣ್ಣಿನಿಂದ ಮುಚ್ಚಿ ನಾಲ್ಕರಿಂದ ಆರು ವಾರ ಬಿಡಿರಿ. ಒಳಗಿನ ಕಾವಿಗೆ ಮೇಲುಪದರದ ಬೀಜಗಳು ಬೇಯುತ್ತವೆ. ಜೇಕಿಗೆ ಮಾತ್ರ ಇದು ಸಾಲದು.

ನಮ್ಮ ಭಾಗಕ್ಕೆ ದೇವರು ಕೊಟ್ಟ ಹೊದಿಕೆ ಕಬ್ಬಿನ ರವದಿ. ಕಾರ್ತಿಕದಿಂದ ಯುಗಾದಿಯವರೆಗೆ ಮಿರಜ ತಾಲೂಕಿನ ಯಾವ ರಸ್ತೆಯಲ್ಲಿ ಹೋದರೂ ಕಬ್ಬು ಕಡಿದ ಹೊಲಗಳಲ್ಲಿ ರವದಿ ಬಿದ್ದಿರುತ್ತದೆ. ಎಷ್ಟೋ ಕಡೆ ಅದನ್ನು ಸುಟ್ಟುಬಿಡುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಗುರುತಿನ ರೈತರನ್ನು ಕೇಳಿ ನಾಲ್ಕು ಹೊರೆ ತಂದುಕೊಳ್ಳಿರಿ. ಸಸಿ ಗೇಣುದ್ದವಾದ ಮೇಲೆ ಸಾಲುಗಳ ನಡುವೆ ಮೂರು ನಾಲ್ಕು ಇಂಚು ದಪ್ಪ ಹಾಸಿರಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡಿರಿ. ಬೆಳಕು ಕಾಣದ ಬೀಜ ಮೊಳೆಯುವುದು ಕಡಿಮೆ, ಮೊಳೆತದ್ದು ಮೇಲೆ ಬರಲಾರದು. ನೀರೂ ಉಳಿಯುತ್ತದೆ, ಎರೆಮಣ್ಣು ಬಿರುಕು ಬಿಡುವುದೂ ಕಡಿಮೆಯಾಗುತ್ತದೆ. ರವದಿಯನ್ನು ಮಣ್ಣಿನೊಳಗೆ ಬೆರೆಸಬೇಡಿ. ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ತಾನೇ ಎಳೆದುಕೊಂಡು ಗಿಡಗಳನ್ನು ಹಳದಿ ಮಾಡುತ್ತದೆ. ಗೆದ್ದಲು ಕಂಡರೆ ಅಲ್ಲಿಯ ರವದಿ ಎತ್ತಿ ಒಂದು ದಿನ ಬಿಸಿಲಿಗೆ ಹರಡಿರಿ. ಅರಿಷಿಣ ಹಾಕುವವರಿಗಂತೂ ಇದು ಬೇಕೇ ಬೇಕು. ಬೇಸಿಗೆಯ ಕೊನೆಗೆ ನೆಟ್ಟ ಅರಿಷಿಣದ ಕೊಂಬು ಮೇಲೆ ಬರಲು ಮೂರು ನಾಲ್ಕು ವಾರ ತೆಗೆದುಕೊಳ್ಳುತ್ತದೆ, ಆ ಹೊತ್ತಿನಲ್ಲಿ ಕಸ ಗೆದ್ದಿರುತ್ತದೆ. ಹೊದಿಕೆ ಇದ್ದರೆ ಗೆಲ್ಲದು. ಸಾಂಗ್ಲಿಯ ಅರಿಷಿಣ ಭೌಗೋಳಿಕ ಗುರುತು ಪಡೆದ ಮಾಲು. ನುಗ್ಗೆಯ ಅರೆನೆರಳಿನಲ್ಲಿ ಮನೆಗೆ ಸಾಲುವಷ್ಟು ಬೆಳೆದುಕೊಳ್ಳಬಹುದು.

ಈಗ ಒಂದು ಗಟ್ಟಿಯಾದ ಎಚ್ಚರಿಕೆ. ಕಸದ ಮೇಲೆ ಉಪ್ಪು ನೀರು ಸುರಿದರೆ ಸಾಯುತ್ತದೆ ಎಂಬ ಉಪಾಯವನ್ನು ಯಾವುದೋ ವಿಡಿಯೊದಲ್ಲಿ ನೋಡಿ ನನ್ನ ಬಳಿ ಬಂದವರಿದ್ದಾರೆ. ಬೇರೆ ದೇಶದಲ್ಲಿ ಕಲ್ಲುಹಾಸಿನ ಸಂದಿಗೆ ಏನು ಮಾಡುತ್ತಾರೋ ಮಾಡಲಿ, ಸಾಂಗ್ಲಿ–ಮಿರಜದ ಮಣ್ಣಿಗೆ ಉಪ್ಪು ಹಾಕಬೇಡಿ. ಕಬ್ಬಿಗೆ ಲೆಕ್ಕವಿಲ್ಲದೆ ನೀರು ಹಾಯಿಸಿ, ಬಸಿದು ಹೋಗಲು ದಾರಿಯಿಲ್ಲದೆ, ಕೃಷ್ಣಾ ಕಾಲುವೆಯ ಎಷ್ಟೋ ಒಳ್ಳೆಯ ಹೊಲಗಳು ಸವಳಾಗಿ ಬೆಳ್ಳಗಾದದ್ದನ್ನು ಈ ಸೀಮೆ ಕಂಡಿದೆ. ಈಗ ನೆಲದೊಳಗೆ ರಂಧ್ರದ ಕೊಳವೆ ಹೂತು ಆ ಉಪ್ಪನ್ನು ತೊಳೆಯಲು ರೈತರು ಅಪಾರ ಖರ್ಚು ಮಾಡುತ್ತಿದ್ದಾರೆ. ಎರೆ ಮಣ್ಣು ಹಿಡಿದ ಉಪ್ಪನ್ನು ಸುಲಭಕ್ಕೆ ಬಿಡುವುದಿಲ್ಲ. ನಿಮ್ಮ ಬೋರಿನ ನೀರು ಸವಳಾಗಿದ್ದರೆ, ಮಡಿ ಒಣಗಿದಾಗ ಮೇಲೆ ಬಿಳಿ ಪುಡಿ ಏಳುತ್ತಿದ್ದರೆ, ಅವರೆ, ಗಜ್ಜರಿ, ಉಳ್ಳಾಗಡ್ಡಿ ನಿಮಗೆ ಒಲಿಯುವುದಿಲ್ಲ. ಬೀಟ್‌ರೂಟ್, ಪಾಲಕ ತಾಳಿಕೊಳ್ಳುತ್ತವೆ. ಮಳೆನೀರನ್ನು ಮಡಿಗೆ ತಿರುಗಿಸಿರಿ, ಅದು ಉಪ್ಪನ್ನು ಕೆಳಗೆ ತಳ್ಳುತ್ತದೆ. ಈ ಸೀಮೆಗೆ ಬೀಳುವುದೇ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. 2016ರ ಏಪ್ರಿಲ್‌ನಲ್ಲಿ ಬರಗಾಲದ ಲಾತೂರಿಗೆ ಮಿರಜ ಜಂಕ್ಷನ್ನಿನಿಂದಲೇ ರೈಲಿನಲ್ಲಿ ಕುಡಿಯುವ ನೀರು ಹೋಯಿತು, ಮೊದಲ ಗಾಡಿಯಲ್ಲಿ 5 ಲಕ್ಷ ಲೀಟರ್. ಅಂಥ ಕೃಷ್ಣೆಯ ನಲ್ಲಿನೀರನ್ನು ಪೈಪು ಬಿಟ್ಟು ಹರಿಸಬೇಡಿ. ಗಿಡದ ಬುಡಕ್ಕಷ್ಟೇ ನೀರು ಹಾಕಿದರೆ ಉಳಿದ ನೆಲದಲ್ಲಿ ಕಸವೂ ಏಳುವುದಿಲ್ಲ.

ಕಳೆನಾಶಕದ ಬಗ್ಗೆ ನನ್ನ ಅಭಿಪ್ರಾಯ ಖಚಿತ: ಮನೆಯ ಹಿತ್ತಿಲಿಗೆ ಬೇಡ. ಗ್ಲೈಫೋಸೇಟ್ ಜೇಕಿನ ಗಡ್ಡೆಯವರೆಗೆ ಇಳಿಯುತ್ತದೆ ಎನ್ನುವುದು ನಿಜ, ಆದರೆ ಬದನೆಯ ಹಸಿರು ಕಾಂಡಕ್ಕೆ ನಾಲ್ಕು ಹನಿ ಸಿಡಿದರೂ ಅದನ್ನೂ ಬಿಡುವುದಿಲ್ಲ. ಮೇಲಾಗಿ 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಕೀಟ ನಿಯಂತ್ರಣ ನಿರ್ವಾಹಕರ ಮೂಲಕ ಹೊರತು ಬೇರಾರೂ ಅದನ್ನು ಬಳಸಕೂಡದೆಂದು ಅಧಿಸೂಚನೆ ಹೊರಡಿಸಿದೆ. ಊರಂಚಿನ ಮನೆಗಳವರು ಇನ್ನೊಂದನ್ನು ಗಮನಿಸಿರಿ. ಪಕ್ಕದ ಕಬ್ಬಿಗೆ ಟು-ಫೋರ್-ಡಿ ಹೊಡೆದಾಗ ಗಾಳಿ ನಿಮ್ಮ ಕಡೆ ಬೀಸಿದರೆ ಟೊಮೆಟೊ, ಬದನೆ, ಹೀರೆಬಳ್ಳಿಗಳ ಎಳೆ ಎಲೆ ಅಗಲ ಕಳೆದುಕೊಂಡು ಮುರುಟುತ್ತವೆ, ತುದಿಗಳು ಕೆಳಗೆ ಬಾಗುತ್ತವೆ. ಜನ ಇದನ್ನು ಮುಟುರು ರೋಗವೆಂದು ತಿಳಿದು ಔಷಧಿ ಹೊಡೆಯುತ್ತಾರೆ. ರೋಗ ಒಂದೊಂದೇ ಗಿಡಕ್ಕೆ, ಒಂದೊಂದೇ ಜಾತಿಗೆ ಬರುತ್ತದೆ; ಗಾಳಿಯಲ್ಲಿ ಬಂದ ಕಳೆನಾಶಕ ಎಲ್ಲಕ್ಕೂ ಒಂದೇ ವಾರದಲ್ಲಿ ಬಡಿಯುತ್ತದೆ. ದ್ರಾಕ್ಷಿ ಬೆಳೆಯುವ ತಾಸಗಾಂವದವರಿಗೆ ಈ ಗುರುತು ಚೆನ್ನಾಗಿ ಗೊತ್ತು, ದ್ರಾಕ್ಷಿಯೂ ಅದಕ್ಕೆ ಬಹಳ ನಾಜೂಕು. ಹೊಲದವರ ಜೊತೆ ಜಗಳ ಬೇಡ. ಗಾಳಿ ನಿಂತ ಮುಂಜಾನೆ ಹೊಡೆಯಿರಿ ಎಂದು ಕೇಳಿಕೊಳ್ಳಿರಿ, ಒಳ್ಳೆಯ ಮಾತಿಗೆ ಇಲ್ಲ ಎನ್ನುವ ರೈತರು ಕಡಿಮೆ.

ಎಲ್ಲ ಕಸವೂ ವೈರಿಯಲ್ಲ, ಇದನ್ನು ನಮ್ಮ ಹೆಣ್ಣುಮಕ್ಕಳು ಯಾವಾಗಲೂ ಬಲ್ಲರು. ನೆಲಕ್ಕೆ ಹರಡಿ, ದಪ್ಪ ನುಣುಪು ಎಲೆ, ಕೆಂಪು ಕಾಂಡದ ಗೋಣಿ ಸೊಪ್ಪು, ಮರಾಠಿಯ ಘೋಳ, ಬೇಳೆಯ ಜೊತೆ ಎಷ್ಟು ರುಚಿ! ಜೋಳದ ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಹಕ್ಕರಿಕೆ, ತಾನೇ ಏಳುವ ರಾಜಗಿರಿ, ಎಳೆಯದಿರುವಾಗ ಮುಳ್ಳುದಂಟು, ಇವೆಲ್ಲ ಬಿತ್ತದೆ ಬಂದ ಪಲ್ಯ. ಗೋಣಿ ಸೊಪ್ಪನ್ನು ಕಿತ್ತು ಹಸಿ ಮಣ್ಣಿನ ಮೇಲೆ ಎಸೆಯಬೇಡಿ, ಬಿದ್ದಲ್ಲೇ ಬೇರು ಬಿಟ್ಟು ಏಳುತ್ತದೆ. ನೇರ ಒಲೆಯ ಕಡೆ ಹೋಗಲಿ. ಮೂತ್ರಪಿಂಡದ ಕಲ್ಲಿನ ತೊಂದರೆಯವರು ಮಾತ್ರ ಮಿತವಾಗಿ ತಿನ್ನಬೇಕು. ಗಣೇಶ ಚೌತಿಯ ಮರುದಿನ ಋಷಿ ಪಂಚಮಿ. ಆ ದಿನ ಎತ್ತು ದುಡಿದ ನೆಲದ ಬೆಳೆ ಉಣ್ಣಬಾರದು, ಕೈಯಿಂದ ಅಗೆದು ಬೆಳೆದದ್ದನ್ನೇ ಉಣ್ಣಬೇಕು ಎಂಬ ವ್ರತವನ್ನು ಇಲ್ಲಿಯ ಮರಾಠಿ, ಕನ್ನಡ ಎರಡೂ ಮನೆಗಳ ಹೆಂಗಸರು ಹಿಡಿಯುತ್ತಾರೆ. ಕೆಸವಿನೆಲೆ, ರಾಜಗಿರಿ, ಪಡವಲ, ಗೋವಿನಜೋಳ ಕೂಡಿಸಿ ಮಾಡುವ ಆ ಪಲ್ಯ ಹಿತ್ತಿಲಿನದೇ ಪಲ್ಯ. ಒಂದು ಕೆಸವಿನ ಮಡಿಯನ್ನು ಬಚ್ಚಲ ನೀರು ಹರಿಯುವ ಕಡೆ ಇಟ್ಟುಕೊಳ್ಳಿರಿ.

ಬೆಳೆಯಲೇಬೇಕಾದ ಒಂದು ಕಾಯಿ ಹೇಳು ಎಂದರೆ ಕೃಷ್ಣಾಕಾಠದ ಬದನೆ ಅನ್ನುತ್ತೇನೆ. ಈ ದಂಡೆಯ ಬದನೆಯ ರುಚಿ ಪುಣೆ, ಮುಂಬಯಿವರೆಗೆ ಹೆಸರಾದದ್ದು. ಉತ್ತರಾ, ಹಸ್ತ ಮಳೆಯಲ್ಲಿ ಸಸಿ ನೆಟ್ಟು, ಜೊತೆಗೆ ಅವರೆ, ಗಜ್ಜರಿ ಹಾಕಿದವರ ಭೋಗಿಯ ದಿನದ ಪಲ್ಯ ಪೂರ್ತಿ ಹಿತ್ತಿಲಿನಿಂದಲೇ ಬರುತ್ತದೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಜೊತೆಗೆ. ಬದನೆ, ಟೊಮೆಟೊ ಬುಡದಲ್ಲಿ ಎಲೆಯೇ ಇಲ್ಲದ, ಮಾಸಲು ಬಣ್ಣದ, ನೇರಳೆ ಹೂವಿನ ದಂಟು ಎದ್ದರೆ ಅದು ಬಂಬಾಖು, ನಿಪ್ಪಾಣಿ ಸೀಮೆಯಲ್ಲಿ ತಂಬಾಕಿನ ಬೇರು ಹೀರುವ ಪರಾವಲಂಬಿ. ಧೂಳಿನಷ್ಟು ಸಣ್ಣ ಅದರ ಬೀಜ ಹತ್ತಾರು ವರ್ಷ ಮಣ್ಣಿನಲ್ಲಿ ಬದುಕಿರುತ್ತದೆ. ಹೂವು ಬಲಿಯುವ ಮೊದಲೇ ಕಿತ್ತು ಸುಟ್ಟುಬಿಡಿರಿ.

ಬೀಜ ನೀವೇ ಉಳಿಸಿಕೊಳ್ಳಿರಿ. ಮಿರಜದಲ್ಲಿ ಸಿತಾರ, ತಂಬೂರಿ ಮಾಡುವವರ ಓಣಿಗೆ ಹೋಗಿ ನೋಡಿದರೆ ಬಲಿತ ಕಾಯಿ ಅಂದರೇನು ಎಂದು ತಿಳಿಯುತ್ತದೆ. ಅವರಿಗೆ ಬೇಕಾದ ದೊಡ್ಡ ಸೋರೆ ಬುರುಡೆಗಳು ಪಂಢರಪುರ, ಮಂಗಳವೇಢೆಯ ಕಡೆಯಿಂದ ಬರುತ್ತವೆ. ಬಳ್ಳಿಯಲ್ಲೇ ಪೂರ್ತಿ ಬಲಿತು ಒಣಗಿದ ಹೊರತು ಸಿಪ್ಪೆ ಗಟ್ಟಿಯಾಗದು, ನಾದ ಕೊಡದು. ಬೀಜಕ್ಕೆ ಬಿಟ್ಟ ಹೀರೆ, ಸೋರೆಯನ್ನೂ ಹಾಗೇ ಅಲುಗಾಡಿಸಿದರೆ ಒಳಗೆ ಬೀಜ ಸದ್ದು ಮಾಡುವವರೆಗೆ ಬಳ್ಳಿಯಲ್ಲೇ ಬಿಡಿರಿ. ಬೂದಿಯಲ್ಲಿ ಕಲೆಸಿ ಇಟ್ಟರೆ ಮುಂದಿನ ರೋಹಿಣಿಗೆ ಪುಡಿಕೆ ತರುವ ಕೆಲಸವಿಲ್ಲ.

ನದಿಯ ಮಗ್ಗುಲಿನ ಬಡಾವಣೆಗಳವರಿಗೆ ಒಂದು ಮಾತು. 2005, 2019, 2021ರ ಮಹಾಪೂರಗಳನ್ನು ಸಾಂಗ್ಲಿ ಮರೆಯಲಾರದು. 2019ರ ಆಗಸ್ಟಿನಲ್ಲಿ ಇರ್ವಿನ್ ಸೇತುವೆಯ ಬಳಿ ನೀರು 57 ಅಡಿ ದಾಟಿತ್ತು. ಅಲ್ಲಿ ಅಪಾಯದ ಮಟ್ಟವೇ 45 ಅಡಿ. ನಮ್ಮಲ್ಲಿ ಬರಿಯ ತುಂತುರು ಇದ್ದಾಗಲೂ ಮಹಾಬಳೇಶ್ವರ, ಕೊಯ್ನಾ ಕಡೆಯ ಮಳೆ ನದಿಯನ್ನು ಏರಿಸುತ್ತದೆ. ನೆರೆ ಇಳಿದ ಮೇಲೆ ಉಳಿಯುವ ರಾಡಿ ಫಲವತ್ತು ಹೌದು, ಆದರೆ ಮೇಲಿನ ಊರುಗಳ ಕಸದ ಬೀಜ, ಚರಂಡಿಯ ಹೊಲಸು ಎರಡೂ ಅದರಲ್ಲಿರುತ್ತವೆ. ಮುಳುಗಿದ ಕಾಯಿಪಲ್ಯ ತಿನ್ನಬೇಡಿ. ಮಣ್ಣು ಒಣಗಲಿ, ಎದ್ದ ಹೊಸ ಕಸವನ್ನು ಎರಡು ಸಲ ಕೆರೆದು ತೆಗೆಯಿರಿ, ಹಸ್ತ ಚಿತ್ತಾ ಹೊತ್ತಿಗೆ ಬೇಯಿಸಿ ತಿನ್ನುವ ಬೆಳೆ ಹಾಕಿರಿ. ಹಸಿಯಾಗಿ ತಿನ್ನುವ ಮೂಲಂಗಿ, ಕೊತ್ತಂಬರಿ ಆ ವರ್ಷ ತಡವಾಗಲಿ.

ಕೊಲ್ಹಾಪುರ ಕಡೆಯ ಗಣಿತದ ಅಧ್ಯಾಪಕ ಶ್ರೀಪಾದ ದಾಭೋಳಕರ ಅವರ ಪ್ರಯೋಗ ಪರಿವಾರದ ವಿಚಾರ ಹಿರಿಯರಿಗೆ ನೆನಪಿರಬಹುದು. ಹತ್ತು ಗುಂಟೆಯಲ್ಲಿ ಒಂದು ಸಂಸಾರ ಘನತೆಯಿಂದ ಬದುಕಬಹುದು ಎಂದವರು ಅವರು. ಬಿದ್ದ ಎಲೆ, ಕಿತ್ತ ಕಸ, ಅಡುಗೆಮನೆಯ ಸಿಪ್ಪೆ ಎಲ್ಲವನ್ನೂ ಲೆಕ್ಕ ಇಟ್ಟು ಮಣ್ಣಿಗೆ ಮರಳಿಸಿ ಎಂದು ಅವರು ರೈತರಿಗೆ, ಪಟ್ಟಣಿಗರಿಗೆ ಹೇಳುತ್ತ ಬಂದರು. ಮಾಡಿ ನೋಡಿ, ಬರೆದಿಟ್ಟು, ಪರಸ್ಪರ ಹೇಳಿಕೊಳ್ಳಿರಿ ಎಂಬ ಅವರ ಪದ್ಧತಿ ಇಂದಿನ ಹುಡುಗರಿಗೆ ಒಪ್ಪುವಂಥದ್ದು. ಯಾವ ಮಡಿಯಲ್ಲಿ ಯಾವ ಕಸ, ಯಾವ ಮಳೆಗೆ ಎದ್ದಿತು ಎಂದು ಒಂದು ವಹಿಯಲ್ಲಿ ಬರೆದಿಡಿರಿ. ಮುಂದಿನ ವರ್ಷ ಆ ಕಸ ಏಳುವ ಮೊದಲೇ ನೀವು ಎದ್ದಿರುತ್ತೀರಿ.

ಕೊನೆಗೆ ಕಾಂಗ್ರೆಸ್ ಕಸ. ಎಲೆ ಗಜ್ಜರಿಯದನ್ನು ಹೋಲುವುದರಿಂದ ಮರಾಠಿಯವರು ಇದನ್ನು ಗಾಜರ ಗವತ ಎನ್ನುತ್ತಾರೆ. 1950ರ ದಶಕದ ನಡುವೆ ಪುಣೆಯಲ್ಲಿ ಇದನ್ನು ಗುರುತಿಸಿದರು; ಈಗ ದೇಶದ ಬಹುತೇಕ ಎಲ್ಲ ಕಡೆ ಇದೆ. ಒಂದು ಗಿಡ 15,000ದಿಂದ 25,000 ಬೀಜ ಚೆಲ್ಲುತ್ತದೆ, ಪರಾಗದಿಂದ ಉಬ್ಬಸ, ಎಲೆಯಿಂದ ತುರಿಕೆ ಬರುತ್ತದೆ. ಮೈಮೇಲೆ ಕಂದು ಗೆರೆಗಳಿರುವ ಪುಟ್ಟ ಜೀರುಂಡೆಗಳು ಮಳೆಗಾಲದಲ್ಲಿ ಇದರ ಎಲೆ ತಿನ್ನುತ್ತಿದ್ದರೆ ಅವನ್ನು ಕೊಲ್ಲಬೇಡಿ. ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಹುಳಗಳ ಸಂತಾನ ಅವು, ಕಾಂಗ್ರೆಸ್ ಕಸವೇ ಅವುಗಳ ಆಹಾರ. ಆದರೆ ಹುಳವನ್ನೇ ನಂಬಿ ಕೂರಬಾರದು. ನಿಮ್ಮ ಹಿತ್ತಿಲು ಎಷ್ಟೇ ಚೊಕ್ಕಟವಾಗಿರಲಿ, ಪಕ್ಕದ ಖಾಲಿ ಪ್ಲಾಟಿನಲ್ಲಿ ಅದು ಹೂವಾಡಿದರೆ ಗಾಳಿಯೂ ಮಳೆನೀರೂ ಬೀಜವನ್ನು ನಿಮ್ಮ ಮಡಿಗೆ ತರುತ್ತವೆ. ಪ್ಲಾಟಿನ ಮಾಲಕರು ಪುಣೆಯಲ್ಲೋ ದುಬೈಯಲ್ಲೋ ಇರುತ್ತಾರೆ, ಅವರು ಬಂದು ಕೀಳುವುದಿಲ್ಲ. ಪಾಲಿಕೆಗೆ ಅರ್ಜಿ ಕೊಡಿರಿ, ಕೊಟ್ಟು ಸುಮ್ಮನಿರಬೇಡಿ. ಆಷಾಢದ ಕೊನೆಗೆ, ಬಿಳಿ ಹೂವು ಕಾಣುವ ಮೊದಲು, ಒಂದು ಭಾನುವಾರ ಬೆಳಿಗ್ಗೆ ಓಣಿಯ ಕನ್ನಡದ ಮನೆ, ಮರಾಠಿ ಮನೆ, ಎಲ್ಲರ ಬಾಗಿಲು ತಟ್ಟಿ ಕರೆಯಿರಿ. ಕೈಗೆ ಕೈಗವಸು, ಮೂಗಿಗೆ ಬಟ್ಟೆ, ಮೈತುಂಬ ಅಂಗಿ ಇರಲಿ. ಉಬ್ಬಸ ಇದ್ದವರು ದೂರ ನಿಂತು ಚಹಾದ ವ್ಯವಸ್ಥೆ ನೋಡಲಿ. ಬೇರುಸಹಿತ ಕಿತ್ತು ಗೊಬ್ಬರದ ಗುಂಡಿಗೆ ಹಾಕಿರಿ. ಹೂವಾಡದ ಗಿಡದಿಂದ ಒಳ್ಳೆಯ ಗೊಬ್ಬರವಾಗುತ್ತದೆ. ಈ ವರ್ಷ ನಿಮ್ಮ ಹಿತ್ತಿಲಿನಲ್ಲಿ ಇನ್ನೇನು ಮಾಡದಿದ್ದರೂ ಇದೊಂದನ್ನು ಮಾಡಿರಿ.